ಮಸ್ಟರ್ ಪಾಯಿಂಟಿನಲ್ಲಿ ಒಬ್ಬ ಹೆಚ್ಚು

ಕುಲೆಗಳ ಮೇಲೆ ನನಗೆ ಭಯಕ್ಕಿಂತ ಸಿಟ್ಟೇ ಜಾಸ್ತಿ. ಸತ್ತು, ನೆಲೆ ಸಿಗದೆ ಅಲೆಯುವವರನ್ನು ನಮ್ಮ ತುಳುನಾಡಿನಲ್ಲಿ ಕುಲೆ ಎನ್ನುತ್ತಾರೆ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಕುಲೆ, ಕರು ಸತ್ತರೆ ಕುಲೆ. ಬದುಕಿದ್ದಾಗ ಒಂದು ಕಡ್ಡಿಯನ್ನೂ ಆಚೀಚೆ ಇಡದವರು ಸತ್ತ ಮೇಲೆ ಸಂಸಾರದ ಎಲ್ಲದಕ್ಕೂ ತಲೆಹಾಕುವುದು ಯಾವ ನ್ಯಾಯ ಎಂದು ನಾನು ಚಿಕ್ಕಂದಿನಿಂದಲೂ ಅಮ್ಮನ ಜೊತೆ ಜಗಳವಾಡಿದವನು. ಆ ಜಗಳ ಕತಾರಿನಲ್ಲಿ ಮುಗಿಯಿತು. ಅದೂ ನಮ್ಮ ಊರಿನ ಕುಲೆಯಿಂದಲ್ಲ, ಅಮೆರಿಕದ ಒಂದು ರೆಜಿಮೆಂಟಿನಿಂದ.

ಎರಡು ಸಾವಿರದ ಆರನೆಯ ಇಸವಿಯೋ ಏಳೋ ಇರಬೇಕು. ನಾನಾಗ ಅಲ್ ಖೋರ್‌ನ ಕಂಪನಿ ಕ್ವಾರ್ಟರ್ಸಿನಲ್ಲಿದ್ದೆ. ದಿನಾ ಬಸ್ಸಿನಲ್ಲಿ ರಾಸ್ ಲಫ್ಫಾನ್‌ಗೆ ಹೋಗಿ ಬರುವುದು, ಅಲ್ಲಿ ಕಟ್ಟುತ್ತಿದ್ದ ಗ್ಯಾಸ್ ಪ್ಲಾಂಟಿನ ಕಚೇರಿಯಲ್ಲಿ ಡ್ರಾಯಿಂಗುಗಳನ್ನೂ ಕಡತಗಳನ್ನೂ ಕಾಯುವುದು ನನ್ನ ಕೆಲಸ. ಡಾಕ್ಯುಮೆಂಟ್ ಕಂಟ್ರೋಲರ್ ಎಂದು ದೊಡ್ಡ ಹೆಸರು. ನನ್ನ ಮೇಲಿನ ಸಾಹೇಬರು ಅಮೆರಿಕದವರು, ನಿವೃತ್ತಿಗೆ ಹತ್ತಿರವಾದವರು, ಹೆಚ್ಚು ಮಾತಿಲ್ಲದ ಮನುಷ್ಯ. ಅವರಿಗೊಂದು ಗೀಳಿತ್ತು. ಊಟದ ಬಿಡುವಿನಲ್ಲಿ ಎಲ್ಲರೂ ಮೇಜಿನ ಮೇಲೆ ತಲೆಯಿಟ್ಟು ತೂಕಡಿಸುವಾಗ ಅವರು ತಮ್ಮ ಊರಿನ ಹಳೆಯ ದಂಡಿನ ಚರಿತ್ರೆ ಬರೆಯುತ್ತಿದ್ದರು.

ಅವರ ಮುತ್ತಜ್ಜ ಮತ್ತು ಆ ಮುತ್ತಜ್ಜನ ತಮ್ಮ, ಇಬ್ಬರೂ ಅಮೆರಿಕದ ಉತ್ತರಕ್ಕೂ ದಕ್ಷಿಣಕ್ಕೂ ನಡೆದ ಯುದ್ಧದಲ್ಲಿ ಕಾಲಾಳುಗಳಾಗಿದ್ದರು. ಖಾಯಂ ಸೈನ್ಯದವರಲ್ಲ. ಊರಿನವರೇ ಬಂದು ಹೆಸರು ಕೊಟ್ಟು ಕಟ್ಟಿದ ಸ್ವಯಂಸೇವಕರ ರೆಜಿಮೆಂಟು ಅದು. ಬಡಗಿ, ಕಮ್ಮಾರ, ಶಾಲೆಯ ಮೇಷ್ಟ್ರು, ಒಂದೇ ಬೀದಿಯವರು ಒಂದೇ ತುಕಡಿಯಲ್ಲಿ. ಅವರು ಬ್ಯಾಂಡಿನ ಜೊತೆ ರೈಲು ಹತ್ತಿದ್ದು, ನದಿಯ ದಂಡೆಯ ಕೆಸರಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದು, ಶತ್ರುವಿನ ಮುಖ ಕಾಣುವ ಮೊದಲೇ ದಡಾರ ಬಂದು ಎಷ್ಟೋ ಹುಡುಗರನ್ನು ಒಯ್ದದ್ದು, ಒಂದು ಬೇಸಿಗೆ ಪೂರ್ತಿ ಮುತ್ತಿಗೆ ಹಾಕಿ ಹೊಂಡದೊಳಗೆ ಕೂತದ್ದು, ಕೊನೆಗೆ ಜೋಳದ ಹೊಲವೊಂದರಲ್ಲಿ ಬೆಳಗಿನ ಹೊತ್ತು ಬೀದಿಗೆ ಬೀದಿಯೇ ಮಲಗಿದ್ದು, ಎಲ್ಲವನ್ನೂ ನಾನು ಟೈಪ್ ಮಾಡಿದೆ. ತಪ್ಪು ನೋಡಲು ಇಬ್ಬರೂ ಗಟ್ಟಿಯಾಗಿ ಓದುತ್ತಿದ್ದೆವು. ಸಾಹೇಬರು ಹೆಸರು ಹೇಳುವುದು, ಅವನಿಗೆ ಏನಾಯಿತೆಂದು ನಾನು ಹೇಳುವುದು. ಜ್ವರದಲ್ಲಿ ಸತ್ತ. ಗುಂಡಿಗೆ ಸತ್ತ. ಓಡಿಹೋದ. ಬಿಡುಗಡೆ. ಕಚೇರಿಯ ಏಸಿ ಗೊರಗೊರ ಎನ್ನುತ್ತಿತ್ತು. ಕಿಟಕಿಯಾಚೆ ಬಿಸಿಲಿಗೆ ಬಿಳುಚಿಕೊಂಡ ಮರಳಿನಲ್ಲಿ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ.

ಆ ಚರಿತ್ರೆಯಲ್ಲಿ ಒಂದು ಪದ ಮತ್ತೆ ಮತ್ತೆ ಬರುತ್ತಿತ್ತು, ಮಸ್ಟರ್. ನಮ್ಮ ಕಡೆ ಮಸ್ಟರ್ ರೋಲ್ ಎಂದರೆ ರಸ್ತೆ ಕೆಲಸದವರ ಹಾಜರಿ. ಪ್ಲಾಂಟಿನಲ್ಲಿ ಮಸ್ಟರ್ ಪಾಯಿಂಟ್ ಎಂದರೆ ಸೈರನ್ ಕೂಗಿದಾಗ ಎಲ್ಲರೂ ಓಡಿಹೋಗಿ ನಿಂತು ತಲೆ ಎಣಿಸಿಕೊಳ್ಳುವ ಜಾಗ. ರೆಜಿಮೆಂಟಿನಲ್ಲಿ ಸಿಪಾಯಿಯನ್ನು ಸೇರಿಸಿಕೊಂಡರೆ ಮಸ್ಟರ್ ಇನ್, ಯುದ್ಧ ಮುಗಿದು ಮನೆಗೆ ಕಳಿಸಿದರೆ ಮಸ್ಟರ್ ಔಟ್. ಸಾಹೇಬರ ಮುತ್ತಜ್ಜ ಹಾಗೆ ಔಟ್ ಆಗಿ ಮನೆಗೆ ಬಂದು, ಮದುವೆಯಾಗಿ, ಮುದುಕನಾಗಿ ಸತ್ತರು. ತಮ್ಮನ ಹೆಸರಿನ ಮುಂದೆ ಇದ್ದದ್ದು ಇಷ್ಟೇ: ಮಸ್ಟರ್ ಔಟ್ ವೇಳೆಗೆ ಗೈರುಹಾಜರು.

ಅದೇ ದಿನಗಳಲ್ಲಿ ಊರಿನಿಂದ ಅಮ್ಮನ ಫೋನು. ಅಕ್ಕನ ಮಗಳಿಗೆ ಬಂದ ಸಂಬಂಧಗಳೆಲ್ಲ ಕೈತಪ್ಪುತ್ತಿದ್ದವು. ಜೋಯಿಸರಲ್ಲಿ ಪ್ರಶ್ನೆ ಇಡಿಸಿದರೆ, ಕುಟುಂಬದ ಗಂಡಸೊಬ್ಬನಿಗೆ ನೆಲೆ ಸಿಕ್ಕಿಲ್ಲ, ಅವನನ್ನು ಹಿರಿಯರ ಸಾಲಿಗೆ ಸೇರಿಸಿಲ್ಲ ಎಂದು ಬಂದಿತ್ತು. ಯಾರೆಂದು ಯಾರೂ ಕೇಳಬೇಕಾಗಿರಲಿಲ್ಲ. ಅಮ್ಮನ ತಮ್ಮ, ನನ್ನ ಸೋದರಮಾವ, ನಾನು ಇನ್ನೂ ಅಂಬೆಗಾಲಿಡುವಾಗ ಬೊಂಬಾಯಿಯಿಂದ ಕಳ್ಳ ಲಾಂಚು ಹತ್ತಿ ಗಲ್ಫಿಗೆ ಹೊರಟವರು. ಆಗಿನ ಲಾಂಚಿನವರು ದಡದವರೆಗೆ ಬರುತ್ತಿರಲಿಲ್ಲ. ದೂರದಲ್ಲೇ ನಿಲ್ಲಿಸಿ, ಅಗೋ ಅಲ್ಲಿ ದಡ, ಈಜಿ ಎನ್ನುತ್ತಿದ್ದರು. ಜೊತೆಗೆ ಹೋದವನೊಬ್ಬ ವರ್ಷಗಳ ಮೇಲೆ ಊರಿಗೆ ಬಂದು, ನನ್ನ ಹಿಂದೆಯೇ ಧುಮುಕಿದ್ದ, ಆಮೇಲೆ ಕಾಣಲಿಲ್ಲ ಎಂದಿದ್ದ. ಯಾವ ದಡ ಎಂದು ಅವನಿಗೂ ಗೊತ್ತಿರಲಿಲ್ಲ.

ಹೆಣ ಸಿಕ್ಕಿರಲಿಲ್ಲವಾದ್ದರಿಂದ ಅಮ್ಮ ಬೊಜ್ಜ, ಅಂದರೆ ಉತ್ತರಕ್ರಿಯೆ, ಮಾಡಲು ಬಿಟ್ಟಿರಲಿಲ್ಲ. ಬದುಕಿದ್ದವನಿಗೆ ಸತ್ತವರ ಎಲೆ ಹಾಕಿದರೆ ನಾನೇ ಕೊಂದ ಹಾಗೆ ಎನ್ನುತ್ತಿದ್ದಳು. ಅವರ ಹೆಸರನ್ನೂ ಬಾಯಿಗೆ ತರುತ್ತಿರಲಿಲ್ಲ. ಹೋದವ ಎನ್ನುವಳು, ಅಷ್ಟೆ. ಈಗ ಅಕ್ಕ ಅಳುತ್ತಿದ್ದಳು, ಬಾವ ಗೊಣಗುತ್ತಿದ್ದರು. ನಮ್ಮದು ಅಳಿಯಕಟ್ಟಿನ ಕುಟುಂಬ, ಮಾವನಿಗೆ ಮಾಡಬೇಕಾದವನು ಸೋದರಳಿಯನೇ. ಅಮ್ಮ ತೀರ್ಮಾನವನ್ನು ನನ್ನ ತಲೆಗೆ ಕಟ್ಟಿದಳು. ನೀನು ಆ ಸಮುದ್ರದ ಬದಿಯಲ್ಲೇ ಇದ್ದೀಯಲ್ಲ, ಅವ ಇನ್ನಿಲ್ಲ ಎಂದು ನೀನು ಹೇಳಿದರೆ ಇಲ್ಲ, ಆಟಿ ಮುಗಿಯುವುದರೊಳಗೆ ಹೇಳು ಎಂದಳು. ಮಳೆಗಾಲದ ಆ ತಿಂಗಳಲ್ಲಿ ನಮ್ಮಲ್ಲಿ ಸತ್ತವರನ್ನು ಹೆಸರು ಹಿಡಿದು ಕರೆದು ಬಡಿಸುತ್ತಾರೆ. ಕಾಣದ ಮನುಷ್ಯನೊಬ್ಬನ ಸಾವನ್ನು ನನ್ನ ಬಾಯಿಂದ ಹೇಳಿಸುವ ಈ ಉಪಾಯಕ್ಕೆ ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ರಾತ್ರಿ ಊಟ ಸೇರಲಿಲ್ಲ ಎಂಬುದೂ ನಿಜ.

ಒಂದು ಶುಕ್ರವಾರ ಬೆಳಿಗ್ಗೆ ಸಾಹೇಬರು ತಮ್ಮ ಕಾರಿನಲ್ಲಿ ನನ್ನನ್ನು ಅಲ್ ಶಮಾಲ್ ಕಡೆಗೆ ಕರೆದುಕೊಂಡು ಹೋದರು. ಅಲ್ಲಿ ಕಡಲಂಚಿನಲ್ಲಿ ಜನ ಬಿಟ್ಟುಹೋದ ಮೀನುಗಾರರ ಹಳ್ಳಿಯೊಂದಿದೆ. ಸೂರಿಲ್ಲದ ಗೋಡೆಗಳು, ಬಾಗಿಲಿಲ್ಲದ ದಾರಂದಗಳು. ಇಳಿತದ ಹೊತ್ತು, ನೀರು ಬಹಳ ದೂರ ಸರಿದಿತ್ತು. ಗಾಳಿಯಿರಲಿಲ್ಲ, ಹಕ್ಕಿಯ ಸದ್ದೂ ಇರಲಿಲ್ಲ. ಒದ್ದೆ ಮರಳಿನಲ್ಲಿ ನೀರಿನ ಕಡೆಯಿಂದ ಬರಿಗಾಲಿನ ಹೆಜ್ಜೆಗಳು ಬಂದು ಒಂದು ಮನೆಯ ಹೊಸ್ತಿಲು ದಾಟಿದ್ದವು. ಒಳಗೆ ಇಣುಕಿದೆವು. ನಾಲ್ಕು ಗೋಡೆ, ಮೇಲೆ ಆಕಾಶ. ತಿರುಗಿ ಹೋದ ಹೆಜ್ಜೆ ಮಾತ್ರ ಎಲ್ಲೂ ಇರಲಿಲ್ಲ. ಗಾಳ ಹಾಕಲು ಬಂದವರು ಯಾರೋ ಇರಬೇಕು ಎಂದೆ. ಸಾಹೇಬರು ಆ ಹೆಜ್ಜೆಗಳನ್ನು ಮೆಟ್ಟದೆ ಬದಿಯಿಂದ ನಡೆದರು.

ಆ ಗೋಡೆಯ ನೆರಳಿನಲ್ಲಿ ಕೂತು ನಾನು ಮಾವನ ಕಥೆ ಹೇಳಿದೆ. ಅವರು ಮುತ್ತಜ್ಜನ ತಮ್ಮನ ಕಥೆ ಹೇಳಿದರು. ಊರಿನವರು ಅವನನ್ನು ಓಡಿಹೋದ ಹೇಡಿ ಎಂದರಂತೆ. ಅವನ ತಾಯಿ ಸಾಯುವವರೆಗೂ ಇಗರ್ಜಿಯಲ್ಲಿ ಹಿಂದಿನ ಬೆಂಚಿನಲ್ಲೇ ಕೂರುತ್ತಿದ್ದಳಂತೆ.

"ಎಲ್ಲರನ್ನೂ ಮನೆಗೆ ಕಳಿಸಿದರು, ಅವನನ್ನು ಯಾರೂ ಬಿಡುಗಡೆ ಮಾಡಲಿಲ್ಲ," ಎಂದರು ಸಾಹೇಬರು. "ಹಾಗೆ ನೋಡಿದರೆ ಅವನು ಇನ್ನೂ ಡ್ಯೂಟಿಯಲ್ಲೇ ಇದ್ದಾನೆ."

ನಮ್ಮಲ್ಲಿ ಅಂಥವನನ್ನು ಕುಲೆ ಎನ್ನುತ್ತೇವೆ, ಬೊಜ್ಜ ಎಂದರೆ ನಿಮ್ಮ ಮಸ್ಟರ್ ಔಟ್ ಇದ್ದ ಹಾಗೆ ಎಂದು ನಾನು ವಿವರಿಸಿದೆ. ಅವರು ನಗಲಿಲ್ಲ. ಅಂಥದೊಂದು ಏರ್ಪಾಡು ಇರುವುದು ಒಳ್ಳೆಯದೇ ಎಂದರು.

ಮುಂದಿನ ವಾರ ಡ್ರಿಲ್ ಇತ್ತು. ಎರಡು ದಿನದಿಂದ ಧೂಳುಗಾಳಿ ಬೀಸುತ್ತಿತ್ತು. ಹಗಲು ಹತ್ತು ಗಂಟೆಗೇ ಆಕಾಶ ಅರಿಸಿನ ಕದಡಿದಂತಿತ್ತು. ಸೈರನ್ ಕೂಗಿತು, ನಾವು ಕಚೇರಿಯವರು, ಗುತ್ತಿಗೆಯ ಕೆಲಸದವರು ಎಲ್ಲ ಹೊರಗೆ ಬಂದು ಮಸ್ಟರ್ ಪಾಯಿಂಟಿನ ಹಸಿರು ಬೋರ್ಡಿನ ಕೆಳಗೆ ನಿಂತೆವು. ಮೂಗು ಬಾಯಿಗೆ ಬಟ್ಟೆ ಸುತ್ತಿಕೊಂಡಿದ್ದರಿಂದ ಯಾರ ಮುಖವೂ ಕಾಣುತ್ತಿರಲಿಲ್ಲ. ಮಲಯಾಳಿ ಸೇಫ್ಟಿ ಆಫೀಸರು ಹಾಳೆ ಹಿಡಿದು ಹಾಜರಿ ಕರೆಯತೊಡಗಿದರು.

ಮೊದಲ ಹೆಸರು ಕೇಳಿದಾಗಲೇ ನಾನು ತಲೆಯೆತ್ತಿದೆ. ಅದು ದಡಾರದಲ್ಲಿ ಸತ್ತ ಬಡಗಿಯ ಹೆಸರು. ಸಾಹೇಬರ ಕೆಲಸವನ್ನು ನಾನು ಕಚೇರಿಯ ಕಂಪ್ಯೂಟರಿನಲ್ಲಿ ಮಸ್ಟರ್ ರೋಲ್ ಎಂದೇ ಇಟ್ಟಿದ್ದೆ. ರೆಜಿಮೆಂಟಿನ ಹಾಜರಿಗೆ ಬೇರೆ ಹೆಸರೇ ಇಲ್ಲವಲ್ಲ. ಸೇಫ್ಟಿಯವರು ಅವಸರದಲ್ಲಿ ಅದನ್ನೇ ಪ್ರಿಂಟ್ ತೆಗೆದಿದ್ದರು. ಹೊಸದಾಗಿ ಬಂದ ಅಮೆರಿಕದವರಿರಬೇಕು ಎಂದು ಅವರು ಯೋಚಿಸಿದ್ದು. ಹೆಸರು ಕೂಗುವುದು, ಯಾರೂ ಓಗೊಡದಿದ್ದರೆ ಆಬ್ಸೆಂಟ್ ಎಂದು ಗುರುತು ಹಾಕುವುದು. ನದಿಯಲ್ಲಿ ಮುಳುಗಿದವನು ಆಬ್ಸೆಂಟ್. ಜೋಳದ ಹೊಲದಲ್ಲಿ ಬಿದ್ದ ಮೇಷ್ಟ್ರು ಆಬ್ಸೆಂಟ್. ನಿಲ್ಲಿಸಿ ಎನ್ನಬೇಕು ಎಂದುಕೊಳ್ಳುತ್ತಿದ್ದೇನೆ, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿದೆ. ಆಟಿ ತಿಂಗಳು, ಹಾಡುಹಗಲು, ಸತ್ತವರ ಹೆಸರು ಹಿಡಿದು ಒಬ್ಬೊಬ್ಬರನ್ನಾಗಿ ಕರೆಯುತ್ತಿದ್ದಾರೆ. ನಮ್ಮ ಊರಿನಲ್ಲಿ ಅಡುಗೆ ಸಿದ್ಧವಿಲ್ಲದೆ ಯಾರೂ ಹೀಗೆ ಕರೆಯುವುದಿಲ್ಲ.

ಮುತ್ತಜ್ಜನ ತಮ್ಮನ ಹೆಸರು ಬಂತು. ನನ್ನ ಹಿಂದಿನ ಸಾಲಿನಿಂದ ಒಂದು ದನಿ ಹೇಳಿತು: "ಉಳ್ಳೆ."

ತುಳು. ಆ ಕಚೇರಿಯಲ್ಲಿ ತುಳು ಬಲ್ಲವನು ನಾನೊಬ್ಬನೇ. ತಿರುಗಿ ನೋಡಿದೆ. ಧೂಳಿನಲ್ಲಿ ಬಟ್ಟೆ ಸುತ್ತಿದ ತಲೆಗಳು, ಎಲ್ಲವೂ ನೆಲ ನೋಡುತ್ತ ನಿಂತಿದ್ದವು. ಸೇಫ್ಟಿಯವರು ಹಾಜರ್ ಎಂದು ಗುರುತು ಹಾಕಿದರು. ಅಷ್ಟರಲ್ಲಿ ಸಾಹೇಬರು ಆ ಕಡೆಯಿಂದ ಬಂದು ಹಾಳೆ ಕಿತ್ತುಕೊಂಡರು. ಕೊನೆಗೆ ಹೆಸರು ಬಿಟ್ಟು ಬರೀ ತಲೆ ಎಣಿಸುವುದೆಂದಾಯಿತು. ಸೇಫ್ಟಿಯವರು ಒಮ್ಮೆ ಎಣಿಸಿದರು, ಗೇಟಿನ ಲೆಕ್ಕ ನೋಡಿದರು, ಮತ್ತೆ ಎಣಿಸಿದರು.

"ಏಕ್ ಆದ್ಮಿ ಜ್ಯಾದಾ ಹೈ," ಎಂದರು.

ಮೂರನೆಯ ಸಲ ಲೆಕ್ಕ ಸರಿಯಾಯಿತು. ಖಲಾಸ್, ಯಲ್ಲಾ ಎಂದು ಎಲ್ಲರನ್ನೂ ಒಳಗೆ ಅಟ್ಟಿದರು. ಆ ಹೆಸರಿಗೆ ಓಗೊಟ್ಟವರು ಯಾರು ಎಂದು ನಾನು ಆಮೇಲೆ ಕೇಳಿದೆ. ಯಾರೋ ನಮ್ಮವನೇ, ಉಂಡ್ ಎಂದನಲ್ಲ ಎಂದರು ಅವರು. ಅವರ ಕಿವಿಗೆ ಅದು, ಇದ್ದೇನೆ ಎನ್ನುವ ಮಲಯಾಳವಾಗಿ ಕೇಳಿಸಿತ್ತು. ಗುತ್ತಿಗೆಯವರ ಬಸ್ಸಿನಲ್ಲಿ, ಕ್ಯಾಂಪಿನಲ್ಲಿ, ಮೆಸ್ಸಿನಲ್ಲಿ ವಿಚಾರಿಸಿದೆ. ಮಂಗಳೂರು, ಉಡುಪಿ ಕಡೆಯ ಒಬ್ಬನೂ ಸಿಗಲಿಲ್ಲ.

ಅಮ್ಮನಿಗೆ ಫೋನ್ ಮಾಡಿದ್ದು ಮಾರನೆಯ ದಿನ. ಎಲ್ಲವನ್ನೂ ಹೇಳಿದೆ. ತುಳು ಬಲ್ಲವರಿಗೆ ಗೊತ್ತು, ಉಳ್ಳೆ ಎಂಬುದಕ್ಕೆ ಎರಡು ಅರ್ಥ. ಕೊನೆಯ ಅಕ್ಷರಕ್ಕೆ ಬಾಯಿ ತುಸು ಅಗಲಿಸಿದರೆ ನಾನು ಇದ್ದೇನೆ ಎಂದು, ಅಗಲಿಸದಿದ್ದರೆ ಅವನು ಇದ್ದಾನೆ ಎಂದು. ಅಕ್ಷರದಲ್ಲಿ ಬರೆದರೆ ಎರಡೂ ಒಂದೇ. ಅಮ್ಮ ಅದನ್ನೇ ಕೇಳಿದಳು, ಬಾಯಿ ಅಗಲಿಸಿ ಹೇಳಿದ್ದಾ, ಅಗಲಿಸದೆಯಾ ಎಂದು. ನಾನು ಎರಡು ಥರವೂ ಹೇಳಿ ನೋಡಿದೆ. ಯಾವುದೆಂದು ನನಗೇ ತಿಳಿಯಲಿಲ್ಲ. ಎರಡರಲ್ಲಿ ಯಾವುದಾದರೂ ಇದ್ದಾನೆ ಎಂದೇ ಆಯಿತಲ್ಲ ಅಮ್ಮ, ಇನ್ನು ಸ್ವಲ್ಪ ಕಾಯೋಣ ಎಂದೆ. ನಿಜ ಹೇಳಬೇಕೆಂದರೆ, ಇಲ್ಲ ಎನ್ನುವ ಕೆಲಸ ತಪ್ಪಿತೆಂದು ನನಗೆ ಸಮಾಧಾನವಾಗಿತ್ತು.

ಅಮ್ಮ ಒಪ್ಪಲಿಲ್ಲ.

"ಬದುಕಿದವ ಬೇರೆಯವನ ಹೆಸರಿಗೆ ಓ ಅನ್ನುದಿಲ್ಲ ಮಗಾ," ಎಂದಳು. "ಇಷ್ಟು ವರ್ಷ ನಾನು ಅವನ ಹೆಸರು ಹಿಡಿದು ಕರೆಯಲೇ ಇಲ್ಲ. ಪಾಪ, ಯಾರು ಯಾರನ್ನು ಕರೆದರೂ ಅವ ಎದ್ದು ಬರ್ತಾ ಇದ್ದಾನೆ."

ನನ್ನಿಂದ ಹೇಳಿಸಬೇಕೆಂದಿದ್ದ ಮಾತನ್ನು ಅವಳೇ ಹೇಳಿಬಿಟ್ಟಿದ್ದಳು. ಮೂಗು ಒರೆಸಿಕೊಂಡು, ಆ ಇನ್ನೊಬ್ಬ ಹುಡುಗನ ಹೆಸರು ಎಂತ ಹೇಳಿದೆ ಎಂದು ಕೇಳಿದಳು. ಹೇಳಿದೆ. ಅವಳು ಎರಡು ಮೂರು ಸಲ ಬಾಯಲ್ಲಿ ಹೊರಳಿಸಿದಳು. ಅವನಿಗೂ ಒಂದು ಎಲೆ ಹಾಕುತ್ತೇನೆ, ಅವನ ಅಮ್ಮನೂ ಕಾದಿರುತ್ತಾಳಲ್ಲ ಎಂದಳು.

ಆಟಿಯ ಕೊನೆಯ ವಾರ ಬಡಿಸುವ ದಿನ ಬಂತು. ನನಗೆ ರಜೆ ಸಿಗಲಿಲ್ಲ. ಸಾಹೇಬರಿಗೆ ಹೇಳಿದಾಗ ತಾವೂ ಕೇಳಬಹುದೇ ಎಂದು ಸಂಕೋಚದಿಂದ ಕೇಳಿದರು. ಊರಿನಲ್ಲಿ ಮುಸ್ಸಂಜೆಯಾದಾಗ ಇಲ್ಲಿನ್ನೂ ಬಿಸಿಲು. ಅವರ ಕೋಣೆಯ ಮೇಜಿನ ಮೇಲೆ ನನ್ನ ಮೊಬೈಲ್ ಸ್ಪೀಕರಿಗೆ ಹಾಕಿ ಇಬ್ಬರೂ ಕೂತೆವು. ಅಕ್ಕ ಮೊಬೈಲನ್ನು ನೆಲದ ಮೇಲೆ ಎಲೆಗಳ ಹತ್ತಿರ ಇಟ್ಟಳು. ಅನ್ನ, ಕೋಳಿ ಸಾರು, ರೊಟ್ಟಿ ಬಡಿಸಿಯಾಯಿತು ಎಂದಳು. ಆಮೇಲೆ ಅಮ್ಮ ತಮ್ಮನ ಹೆಸರು ಹಿಡಿದು ಕರೆದಳು. ಆ ಹೆಸರನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಆಟಕ್ಕೆ ಹೋದವನನ್ನು ಊಟಕ್ಕೆ ಕರೆಯುವ ದನಿ. ಅದರ ಬೆನ್ನಿಗೇ ಇನ್ನೊಂದು ಹೆಸರು. ಅವಳ ಬಾಯಲ್ಲಿ ಅದು ನಮ್ಮೂರಿನ ಯಾರದೋ ಹೆಸರಿನಂತೆ ಬಂತು. ಆದರೂ ಸಾಹೇಬರಿಗೆ ತಿಳಿಯಿತು. ಅವರು ಕುರ್ಚಿಯಿಂದ ಎದ್ದು ನೆಟ್ಟಗೆ ನಿಂತರು.

ಆಮೇಲೆ ಬಾಗಿಲು ಹಾಕಿದ ಸದ್ದು. ಬಡಿಸಿದ ಮೇಲೆ ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ, ಅವರು ಉಣ್ಣಲಿ ಎಂದು. ಬಾಗಿಲಾಚೆ ಅಮ್ಮ ಅಳುವುದು ಸಣ್ಣಗೆ ಕೇಳುತ್ತಿತ್ತು. ಆಗಲೇ ನನಗೆ ಹೊಳೆದದ್ದು, ಅಕ್ಕ ಮೊಬೈಲನ್ನು ಒಳಗೇ ಮರೆತಿದ್ದಾಳೆ.

ಆ ಖಾಲಿ ಕೋಣೆಯಲ್ಲಿ ನೀರಿನ ಲೋಟ ನೆಲಕ್ಕೆ ಇಟ್ಟ ಸದ್ದು ಕೇಳಿತು. ಸ್ವಲ್ಪ ತಡೆದು, ಇನ್ನೊಂದು. ಸಾಹೇಬರು ನನ್ನ ಮುಖ ನೋಡಿದರು. ಉಣ್ಣುವವರ ಸದ್ದನ್ನು ಕದ್ದು ಕೇಳಬಾರದೆಂದು ನಾನು ಮೆಲ್ಲಗೆ ಫೋನ್ ಇಟ್ಟೆ.