ಬಾಗಿಯ ಹೆದರಿಕೆಗೆ ಕಟ್ಟಿದ ಕ್ರಯ

ಬೈಂದೂರಿನ ಕಡಲ ದಂಡೆಯ ಬಾಗಿ ದಿನವೂ ಬಿಜೂರಿಗೆ ಮೀನು ಹೊತ್ತು ಮಾರುವವಳು. ಮೀನಿಗಿಂತ ಮೊದಲು ಅವಳ ಕೂಗು ಊರು ಸೇರುತ್ತಿತ್ತು. ಗದ್ದೆಯ ಅಂಚಿನಲ್ಲಿ ನಿಂತು ಒಮ್ಮೆ "ಹ್ವಾಯ್, ಬಂಗ್ಡಿ" ಎಂದರೆ ಸಾಕು, ಹೆಂಗಸರು ಅರೆಯುತ್ತಿದ್ದ ಮಸಾಲೆಯನ್ನು ಹಾಗೇ ಬಿಟ್ಟು ಪಾತ್ರೆ ಹಿಡಿದು ಬರುತ್ತಿದ್ದರು. ಗಂಡ ಕಡಲಿನಲ್ಲಿ ತೀರಿಹೋದ ಮೇಲೆ ಆ ಕೂಗೇ ಅವಳನ್ನೂ ಅತ್ತೆ ಸೀತುವನ್ನೂ ಸಾಕಿತ್ತು.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, ಗೇರುಮರಗಳ ಹಾಡಿಯ ದಾರಿಯಲ್ಲಿ ಯಾರೋ ಹಿಂದಿನಿಂದ ಅವಳ ಕುತ್ತಿಗೆ ಹಿಸುಕಿ, ಕಿವಿಯ ಚಿನ್ನ ಕಿತ್ತರು. ಅವಳು ಕೂಗಿದಳು. ಕೂಗಿದಷ್ಟೂ ಬೆರಳುಗಳು ಬಿಗಿಯಾದವು.

ಚಿನ್ನ ಅಡವಿಡಲು ಹೋಗಿ ಸಿಕ್ಕಿಬಿದ್ದವನು ಬಿಜೂರಿನ ಮಂಜಯ್ಯನ ಮಗ ಚಂದ್ರ. ಕೋಳಿ ಅಂಕದ ಜೂಜಿನಲ್ಲಿ ದುಡ್ಡು ಸೋತಿದ್ದನಂತೆ. ವಿಷಯ ಪೊಲೀಸರವರೆಗೆ ಹೋಗುವುದು ಬೇಡವೆಂದು ಮಂಜಯ್ಯ ಊರಿನ ಪಟೇಲ ಕೃಷ್ಣಯ್ಯನವರ ಕಾಲು ಹಿಡಿದ. ಪಟೇಲರ ಜಗಲಿಯಲ್ಲಿ ನಾಲ್ಕು ಜನ ಸೇರಿದರು. ಚಿನ್ನ ವಾಪಸು ಬಂತು. ಹರಿದ ಕಿವಿಗೆ ಐದು ರೂಪಾಯಿ, ಚೆಲ್ಲಿದ ಮೀನಿಗೆ ಎರಡು ಎಂದಾಯಿತು. ಅಂಗಳದಲ್ಲಿ ಕುಳಿತಿದ್ದ ಬಾಗಿ ಏಳಲಿಲ್ಲ. ಇನ್ನೇನು ಉಳಿಯಿತು ಎಂದು ಪಟೇಲರು ಕೇಳಿದರು.

"ಕೂಗುಕೆ ಆತಿಲ್ಲೆ, ಒಡ್ಯಾ. ಬಾಯಿ ತೆಗದ್ರೆ ಕುತ್ಗಿಗೆ ಆ ಕೈ ಬತ್ತ್."

"ಹೆದ್ರಿಕಿ ಎಷ್ಟ್ ಸೇರ್ ಇತ್ತ್ ಅಂದೇಳಿ ಕೇಣಿ" ಎಂದು ಜಗಲಿಯ ಮೇಲಿದ್ದವನೊಬ್ಬ ಅಂದ. ಉಳಿದವರು ನಕ್ಕರು.

ಪಟೇಲರು ನಗಲಿಲ್ಲ. ಹೆದರಿಕೆಗೆ ಇಪ್ಪತ್ತೈದು ರೂಪಾಯಿ ಎಂದರು. ಮಂಜಯ್ಯ ಅದನ್ನು ಬೇರೆಯಾಗಿಯೇ ಎಣಿಸಿ ಇಟ್ಟ.

"ಇದ್ ನಿನ್ ಹೆದ್ರಿಕಿಗೆ, ಬಾಗಿ. ಇಲ್ಲಿಗೆ ಮುಗೀತ್" ಎಂದರು ಪಟೇಲರು.

ಬಾಗಿ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಹುಟ್ಟಿದಾಗಿನಿಂದ ಅವಳು ಕಂಡ ವ್ಯಾಪಾರದಲ್ಲಿ, ದುಡ್ಡು ಕೈಗೆ ಬಂದ ಮೇಲೆ ಸಾಮಾನು ಮಾರಿದವಳ ಬುಟ್ಟಿಯಲ್ಲಿ ಉಳಿಯುತ್ತಿರಲಿಲ್ಲ. ಹೆದರಿಕೆಯೂ ಹಾಗೆಯೇ ಎಂದುಕೊಂಡಳು.

ಮರುದಿನ ಗದ್ದೆಯ ಅಂಚಿನಲ್ಲಿ ನಿಂತು ಬಾಯಿ ತೆರೆದಳು. ಗಾಳಿ ಬಂತು, ಅಷ್ಟೆ. ಬುಟ್ಟಿ ಹೊತ್ತು ಅಂಗಳದಿಂದ ಅಂಗಳಕ್ಕೆ ಹೋಗಿ ಸುಮ್ಮನೆ ನಿಂತಳು. ಯಾರಾದರೂ ತಾವಾಗಿ ಹೊರಗೆ ಬಂದರೆ ವ್ಯಾಪಾರ, ಇಲ್ಲದಿದ್ದರೆ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಮೀನು ಮೆತ್ತಗಾಯಿತು. ಹೆದರಿಕೆ ಹೋದೀತೆಂದು ಹುಣ್ಣಿಮೆಯವರೆಗೆ ಕಾದಳು. ಆ ದುಡ್ಡಿನಲ್ಲಿ ಮನೆಯ ಮಾಡಿಗೆ ಹೊಸ ಹುಲ್ಲು ಹೊದಿಸೋಣ ಎಂದು ಸೀತು ದಿನವೂ ಹೇಳುತ್ತಿದ್ದಳು. ಬಾಗಿ ಗಂಟು ಬಿಚ್ಚಲಿಲ್ಲ.

ಕೊಂಡ ಮೀನು ಕೊಯ್ಯುವಾಗ ಹಾಳಾಗಿರುವುದು ಕಂಡರೆ, ಮರುದಿನ ಮಾತಿಲ್ಲದೆ ದುಡ್ಡು ಹಿಂದಿರುಗಿಸುವುದು ಮೀನು ಮಾರುವವರಲ್ಲಿ ನಡೆದುಬಂದ ಕ್ರಮ. ಹುಣ್ಣಿಮೆಯ ಮರುದಿನ ಅವಳು ಮಂಜಯ್ಯನ ಅಂಗಳಕ್ಕೆ ಹೋದಳು. ಕರೆಯಲು ಆಗದೆ ಬಿಸಿಲಿನಲ್ಲಿ ನಿಂತೇ ಇದ್ದಳು. ಭತ್ತ ಹರಡಲು ಬಂದ ಮಂಜಯ್ಯನ ಹೆಂಡತಿ ಸುಗಂಧಿ ಅವಳನ್ನು ಕಂಡು ಬೆಚ್ಚಿ ಗಂಡನನ್ನು ಕರೆದಳು.

"ಇನ್ನೆಂತ ಬೇಕಾತ್ ನಿಂಗೆ?" ಎಂದ ಮಂಜಯ್ಯ.

ಬಾಗಿ ಗಂಟನ್ನು ಮೆಟ್ಟಿಲ ಮೇಲಿಟ್ಟಳು.

"ತಕಣಿ, ಒಡ್ಯಾ. ಕ್ರಯ ಕೊಟ್ರಿ, ಸಾಮಾನ್ ನಿಮ್ಗ್ ಬಂದಿಲ್ಲೆ. ಇನ್ನೂ ನನ್ ಹತ್ರವೇ ಇತ್ತ್."

ಮಂಜಯ್ಯನಿಗೆ ಅರ್ಥವಾಗಲಿಲ್ಲ. ಪಟೇಲರ ಮುಂದೆ ಮುಗಿದದ್ದು ಮುಗಿಯಿತು ಎಂದು ಗೊಣಗಿದ. ಒಳಗೆ ಚಂದ್ರ ಕೆಮ್ಮಿದ. ಬಾಗಿಯ ಕೈ ತಾನಾಗಿ ಕುತ್ತಿಗೆಗೆ ಹೋಯಿತು.

ಸುಗಂಧಿ, ಬೇರೇನೂ ತೋಚದೆ, ಇವತ್ತು ಯಾವ ಮೀನು ಎಂದು ಕೇಳಿದಳು. ಬಾಗಿ ಬುಟ್ಟಿ ಇಳಿಸಿ ಬಂಗಡೆ ಎಣಿಸಿ ಹಾಕಿದಳು. ಮೀನಿನ ದುಡ್ಡನ್ನು ತೆಗೆದುಕೊಂಡಳು. ಗಂಟು ಮೆಟ್ಟಿಲ ಮೇಲೆಯೇ ಇತ್ತು. ಬುಟ್ಟಿಯನ್ನು ತಲೆಗೇರಿಸಿ, ಗದ್ದೆಯ ಅಂಚು ದಾಟಿ, ಮುಂದಿನ ಮನೆಯ ಅಂಗಳದಲ್ಲಿ ಹೋಗಿ ನಿಂತಳು.