ಎತ್ತಬಾರದ ಫೋನು

ಮೊನ್ನೆ ಮಗಳು ಹೊಸ ಫೋನಿನ ಡಬ್ಬಿಯನ್ನು ನನ್ನ ಹೊಲಿಗೆ ಮಷಿನ್ನಿನ ಮೇಲೆ ಇಟ್ಟು ಮುಚ್ಚಳ ತೆಗೆದಳು. ಒಳಗಿಂದ ಒಂದು ವಾಸನೆ ಬಂತು. ಹೊಸ ಚಪ್ಪಲಿಯ ಡಬ್ಬಿ ತೆರೆದಾಗ ಬರುತ್ತದಲ್ಲ, ಹೆಚ್ಚೂಕಡಿಮೆ ಅಂಥದ್ದು. ಬೇರೆಯವರಿಗೆ ಅದು ಖುಷಿಯ ವಾಸನೆ ಇದ್ದೀತು. ನನಗೆ ಮಾತ್ರ ಅಂಜಿಕೆಯದು. ಈ ವಾಸನೆ ಮೊದಲ ಸಲ ನನ್ನ ಮೂಗಿಗೆ ಬಡಿದದ್ದು ಬಾಜೂಮನೆಯ ಆಪಾನ ಪಡಸಾಲೆಯಲ್ಲಿ...

ಮಗಳು ಹುನಗುಂದದಲ್ಲಿ ರಕ್ತ ತಪಾಸಣೆ ಮಾಡುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ಇಳಕಲ್ಲಿನಿಂದ ದಿನಾ ಸ್ಕೂಟರ್ ಮೇಲೆ ಹೋಗಿ ಬರುತ್ತಾಳೆ. ಆ ಹೆದ್ದಾರಿಯ ಲಾರಿಗಳನ್ನು ನೆನೆದರೆ ನನ್ನ ಹೊಲಿಗೆ ಸೊಟ್ಟಗಾಗುತ್ತದೆ. ಇದು ಅವಳಿಗೂ ಗೊತ್ತು.

"ಅವ್ವಾ, ಆ ಗುಂಡಿ ಫೋನು ಬಿಡು. ಇದನ್ನ ಇಟ್ಕೋ. ನಾ ಎಲ್ಲಿದ್ದೇನಿ ಅಂತ ನಿನಗ ನಕ್ಷಾದಾಗ ಕಾಣತೈತಿ. ಅಂಜೂದು ತಪ್ಪತೈತಿ" ಅಂದಳು.

"ಅಂಜೂದು ತಪ್ಪತೈತಿ ಅಂತ ನಿನಗ ಯಾರ ಹೇಳಿದ್ರು?" ಅಂದೆ. ವಿಚಾರ ಮಾಡ್ತೇನಿ ಅಂತ ಹೇಳಿ ಡಬ್ಬಿ ಮುಚ್ಚಿಸಿದೆ. ವಿಚಾರವೇನು ಮಣ್ಣು, ಅವತ್ತೆಲ್ಲ ಆಪಾನೇ ಕಣ್ಣ ಮುಂದೆ.

ಆಪಾ ಅಂದರೆ ಅವರ ಮಾತಿನಲ್ಲಿ ಅಕ್ಕ, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಮಗ್ಗದವರಿಗೆ ಕಂಡಿಕೆ ಸುತ್ತಿಕೊಡುತ್ತಿದ್ದಳು. ಅಂದರೆ ಲಾಳಿಯೊಳಗೆ ಕೂಡುವ ಸಣ್ಣ ಕೊಳವೆಗೆ ರೇಷ್ಮೆ ಎಳೆ ಸುತ್ತುವ ಕೆಲಸ. ಬಲಗೈ ರಾಟೆ ತಿರುಗಿಸಬೇಕು, ಎಡಗೈ ಎಳೆ ಹಿಡಿದಿರಬೇಕು. ಒಂದು ಕೈ ಬಿಟ್ಟರೂ ಎಳೆ ಸಿಕ್ಕಾಗುತ್ತದೆ. ಖಾಲಿ ಇರುವುದು ಬಾಯಿ ಮತ್ತು ಕಿವಿ ಮಾತ್ರ. ಬಾಯಿಯನ್ನು ನನಗೆ ಕೊಟ್ಟಿದ್ದಳು, ಕಿವಿಯನ್ನು ತೊಡೆಯ ಪಕ್ಕದಲ್ಲಿಟ್ಟ ಗುಂಡಿ ಫೋನಿಗೆ. ನಾನು ನನ್ನ ಕುಬಸಗಳ ಕೈಹೊಲಿಗೆಯನ್ನು ತೆಗೆದುಕೊಂಡು ಹೋಗಿ ಮಧ್ಯಾಹ್ನವೆಲ್ಲ ಅವಳ ಹತ್ತಿರವೇ ಕೂಡುತ್ತಿದ್ದೆ.

ಅವಳ ಗಂಡನನ್ನು ನಾನು ಭಾಯಿ ಅನ್ನುತ್ತಿದ್ದೆ. ಸಣ್ಣ ಟೆಂಪೋ ಓಡಿಸುತ್ತಿದ್ದರು. ಸೀರೆಯ ಗಂಟುಗಳನ್ನು ಬಾಗಲಕೋಟೆಗೆ, ಬಾದಾಮಿಗೆ, ಒಮ್ಮೊಮ್ಮೆ ಕಲಾದಗಿಯ ತನಕ ಮುಟ್ಟಿಸಿ ಬರುವುದು ಅವರ ಕೆಲಸ. ಗಂಡ ಹೆಂಡತಿ ನಡುವೆ ಒಂದು ಕರಾರಿತ್ತು. ದಾರಿಯಲ್ಲಿ ಊರು ಬಂದಾಗೆಲ್ಲ ಭಾಯಿ ಗಾಡಿ ನಿಲ್ಲಿಸಿ ಒಂದು ರಿಂಗ್ ಕೊಟ್ಟು ಕಟ್ ಮಾಡಬೇಕು. ಹುನಗುಂದಕ್ಕೊಂದು, ಅಮೀನಗಡಕ್ಕೊಂದು, ಮುಂದಿನ ಊರಿಗೊಂದು. ಆಪಾ ಎತ್ತುವಂತಿಲ್ಲ. ಇವಳು ತಿರುಗಿ ಕೊಟ್ಟರೆ ಅವರೂ ಎತ್ತುವಂತಿಲ್ಲ. "ತಿಳೀತು" ಅಂತ ಅದರ ಅರ್ಥ. ಕರೆನ್ಸಿ ಉಳಿಸಲು ಸುರುವಾದ ರೂಢಿ, ಬರಬರುತ್ತ ನೇಮವೇ ಆಗಿಹೋಗಿತ್ತು. ರಿಂಗ್ ಆಗಿ ನಿಂತರೆ ಎಲ್ಲ ಸುಖ. ನಿಲ್ಲದೆ ಬಡಿದುಕೊಂಡರೆ ಮಾತ್ರ ಎತ್ತಬೇಕು. ಹಾಗೆ ಬಡಿದುಕೊಂಡದ್ದನ್ನು ನಾನು ಅಲ್ಲಿಯ ತನಕ ಕೇಳಿರಲಿಲ್ಲ.

ರಿಂಗ್ ಬಂದಾಗ ಆಪಾ ರಾಟೆ ನಿಲ್ಲಿಸುತ್ತಿರಲಿಲ್ಲ. "ಹುನಗುಂದ" ಅನ್ನುತ್ತಿದ್ದಳು, ಅಷ್ಟೆ. ಆದರೆ ಅದು ಬರುವ ಮುಂಚಿನ ಹೊತ್ತಿದೆಯಲ್ಲ... ಆಗ ಅವಳ ಮಾತು ಕಡಿಮೆಯಾಗುತ್ತಿತ್ತು, ರಾಟೆ ಜೋರಾಗುತ್ತಿತ್ತು. ನಾನಂತೂ ಹುಟ್ಟಾ ಅಂಜುಬುರುಕಿ. ನನ್ನ ಗಂಡ ಮನೆಯಲ್ಲೇ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತವರು, ಅವರು ಎಲ್ಲಿಗೆ ಹೋದಾರು? ಆದರೂ ಭಾಯಿಯ ಸಲುವಾಗಿ ನಾನೂ ಅಂಜುತ್ತಿದ್ದೆ. ಅಂಜಿಕೆಗೂ ಜೊತೆ ಬೇಕಲ್ಲ.

ಬಾಗಲಕೋಟೆಗೆ ಕೊಟ್ಟ ಅವರ ಮಗಳು ತಂದೆ ತಾಯಿ ಇಬ್ಬರಿಗೂ ಒಂದೊಂದು ದೊಡ್ಡ ಫೋನು ತಂದಳು. ಭಾಯಿ ಮರುದಿನವೇ ಜೇಬಿಗೆ ಹಾಕಿಕೊಂಡರು. ಆಪಾ ಡಬ್ಬಿಯ ಮುಚ್ಚಳ ತೆಗೆದು, ಒಳಗೆ ನೋಡಿ, ಮತ್ತೆ ಮುಚ್ಚಿ ಕಪಾಟಿನ ಮೇಲೆ ಇಟ್ಟಳು. ಓಣಿಯವರ ಬಾಯಿ ಸುಮ್ಮನಿರಬೇಕಲ್ಲ. ಬೆರಳು ತಪ್ಪಿ ತಾಗಿದರೆ ಮನೆಯ ಹೆಣ್ಣುಮಕ್ಕಳ ಫೋಟೊ ಊರೆಲ್ಲ ಹೋಗುತ್ತದಂತೆ. ಮಲಗಿದಾಗಲೂ ಅದು ನಮ್ಮ ಮಾತು ಕೇಳಿಸಿಕೊಳ್ಳುತ್ತದಂತೆ. ಅಂಜಿದವರ ಮೇಲೆ ಕಪ್ಪೆ ಎಸೆದ ಹಾಗೆ, ದಿನಕ್ಕೊಬ್ಬರು ಬಂದು ಒಂದು ಸುದ್ದಿ ಒಗೆದು ಹೋಗುತ್ತಿದ್ದರು. ಆಪಾ ಆ ಡಬ್ಬಿಯ ಮೇಲೆ ಒಂದು ಟವೆಲ್ ಹೊದಿಸಿಬಿಟ್ಟಳು!

"ಅದಕ್ಕೇನ ಥಂಡಿ ಹತ್ತತೈತೇನ?" ಅಂತ ಚಾಷ್ಟಿ ಮಾಡಿದೆ.

"ನೋಡ್ತೈತೋ ಏನೋ ಅಂತ, ತಂಗಿ" ಅಂದಳು. ನಕ್ಕೆವು. ನಗುತ್ತಲೇ ಇಬ್ಬರೂ ಒಮ್ಮೆ ಟವೆಲ್ಲಿನ ಕಡೆ ನೋಡಿದೆವು.

ಕಡೆಗೆ ಅವಳು ಅದನ್ನು ಕೈಗೆ ತೆಗೆದುಕೊಂಡದ್ದು ಇನ್ನೊಂದು ದೊಡ್ಡ ಅಂಜಿಕೆಯಿಂದ. ಒಂದು ದಿನ ಹುನಗುಂದದ ರಿಂಗ್ ಬಂತು, ಅಮೀನಗಡದ್ದು ಬರಲಿಲ್ಲ. ಹೊತ್ತು ಇಳಿಯುತ್ತ ಬಂತು, ಬರಲಿಲ್ಲ. ಟವರ್ ಕೆಟ್ಟಿತ್ತು ಅಂತ ಆಮೇಲೆ ತಿಳಿಯಿತು. ಆದರೆ ಆ ಸಂಜೆ ಆಪಾನ ಎಡಗೈಯೊಳಗಿನ ಎಳೆ ಸಿಕ್ಕಾಗಿ ಸಿಕ್ಕಾಗಿ ಒಂದು ಮುದ್ದೆಯೇ ಆಗಿತ್ತು. ರೇಷ್ಮೆ ಹಾಳು ಮಾಡಿದ್ದನ್ನು ಅವಳ ಜೀವಮಾನದಲ್ಲಿ ನಾನು ನೋಡಿದ್ದು ಅದೊಂದೇ ಸಲ. ಭಾಯಿ ಮನೆಗೆ ಬಂದು ಚಪ್ಪಲಿ ಬಿಡುವಾಗ ಅವಳೇ ಟವೆಲ್ ತೆಗೆದು, "ಇದನ್ನ ಚಾಲೂ ಮಾಡಿ ಕೊಡ್ರಿ" ಅಂದಳು.

ಬಾಗಲಕೋಟೆಯ ಮಗಳು ಫೋನಿನಲ್ಲೇ ಎಲ್ಲ ಹೇಳಿಕೊಟ್ಟಳು. ನಕ್ಷೆ ತೆರೆದರೆ ಸಾಕು, ಭಾಯಿ ಒಂದು ನೀಲಿ ಚುಕ್ಕಿಯಾಗಿ ರಸ್ತೆಯ ಮೇಲೆ ಹರಿದಾಡುತ್ತಿದ್ದರು. ಮೊದಲ ದಿನ ಇಬ್ಬರೂ ಬಾಯಿ ತೆರೆದುಕೊಂಡು ನೋಡಿದೆವು. "ನೋಡ ತಂಗಿ, ಹುನಗುಂದ ದಾಟಿದ್ರು!" ಅಂತ ಆಪಾ ಕೂಸಿನ ಹಾಗೆ ಕುಣಿದಳು.

ಆ ಕುಣಿತ ಒಂದು ವಾರ ನಡೆಯಿತು. ಆಮೇಲೆ ಸುರುವಾಯಿತು ನೋಡಿ ಖರೆ ಅಂಜಿಕೆ. ಮುಂಚೆ ಎರಡು ಊರುಗಳ ನಡುವಿನ ದಾರಿಯನ್ನು ಅಲ್ಲಾನ ಮೇಲೆ ಹಾಕಿ ಅವಳು ಕಂಡಿಕೆ ಸುತ್ತುತ್ತಿದ್ದಳು. ಈಗ ಆ ದಾರಿಯೂ ಅವಳ ಪಾಲಿಗೇ ಬಂತು. ಚುಕ್ಕಿ ಯಾಕೆ ನಿಂತಿತು? ಯಾಕೆ ಇಷ್ಟು ಜೋರು ಹೊರಟಿದೆ? ಯಾಕೆ ರಸ್ತೆ ಬಿಟ್ಟು ಬಾಜೂ ಸರಿಯಿತು? ಕಿವಿಯಿಂದ ಆಗುತ್ತಿದ್ದ ಕೆಲಸಕ್ಕೆ ಕಣ್ಣು ಬೇಕಾಯಿತು, ಬೆರಳು ಬೇಕಾಯಿತು. ರಾಟೆ ನಿಂತೇ ಇರುತ್ತಿತ್ತು. ಹೇಗೂ ಕಾಣುತ್ತದಲ್ಲ ಅಂತ ಭಾಯಿ ರಿಂಗ್ ಕೊಡುವುದನ್ನೂ ಬಿಟ್ಟರು.

ಒಂದು ಮಧ್ಯಾಹ್ನ ಭಾಯಿ ಪಟ್ಟದಕಲ್ಲಿಗೆ ಹೋಗಿದ್ದರು. ನಾನು ಕುಬಸಕ್ಕೆ ಗುಂಡಿ ಹಚ್ಚುತ್ತಿದ್ದೆ. ಗೋಡೆಯಾಚೆಯಿಂದ ಆಪಾ ನನ್ನನ್ನು ಕೂಗಿದಳು. ಆ ದನಿ ಕೇಳಿ ಕುಬಸ ಅಲ್ಲೇ ಒಗೆದೆ. ಓಡಿಹೋದೆ. ಪಡಸಾಲೆಯ ನಡುವೆ ನಿಂತು ಫೋನನ್ನು ನನ್ನ ಮುಖಕ್ಕೆ ಹಿಡಿದಳು.

"ಹೊಳ್ಯಾಗ ಅದಾರ, ತಂಗಿ... ನೋಡ, ಹೊಳ್ಯಾಗ!"

ನೋಡಿದೆ. ನಕ್ಷೆಯಲ್ಲಿ ಮಲಪ್ರಭೆ ನೀಲಿ ಪಟ್ಟಿಯ ಹಾಗೆ ಹರಿದಿತ್ತು. ಅದರ ನಟ್ಟನಡುವೆ ಭಾಯಿಯ ಚುಕ್ಕಿ. ಅಲುಗಾಟವೇ ಇಲ್ಲ. ಚುಕ್ಕಿ ಆ ಕಡೆ ಈ ಕಡೆ ತಪ್ಪಿ ಬೀಳುವುದೂ ಉಂಟು ಅಂತ ನಮಗೇನು ಗೊತ್ತು? ಆಪಾ ಕಾಲ್ ಮಾಡಿದಳು. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಮತ್ತೆ. ಇಷ್ಟು ವರ್ಷ ಎತ್ತದ ಫೋನು ಅಂದರೆ ಆ ಮನೆಗೆ ಸುಖದ ಸುದ್ದಿ. ಅವತ್ತು ಅದೇ ನಮ್ಮನ್ನು ಕೊಂದು ಹಾಕಿತು.

ಆಟೊ ಮಾಡಿಕೊಂಡು ಹೊರಟೆವು. ಗಾಬರಿಯಲ್ಲಿ ನನ್ನ ಫೋನು ಮಷಿನ್ನಿನ ಮೇಲೆಯೇ ಉಳಿದಿತ್ತು. ದಾರಿಯುದ್ದಕ್ಕೂ ಆಪಾ ಚುಕ್ಕಿಯನ್ನೇ ನೋಡುತ್ತಿದ್ದಳು, ಅವಳ ಮುಖವನ್ನು ನಾನು ನೋಡುತ್ತಿದ್ದೆ. ಹುನಗುಂದ ದಾಟುವಾಗ ನೋಡಿ ನೋಡಿಯೇ ಆ ಫೋನಿನ ಬ್ಯಾಟರಿ ತೀರಿ ಕನ್ನಡಿಯ ಹಾಗೆ ಕಪ್ಪಾಯಿತು. ಅದರೊಳಗೆ ಆಪಾಗೆ ತನ್ನದೇ ಮುಖ ಕಂಡಿರಬೇಕು, ಸೆರಗು ಬಾಯಿಗೆ ತುರುಕಿಕೊಂಡು ಅಳತೊಡಗಿದಳು. ನಾನು ಅವಳ ಕೈ ಹಿಡಿದುಕೊಂಡೆ. ಅವಳ ಮಗಳಿಗೆ ಹೇಗೆ ಹೇಳುವುದು ಅಂತ ನನ್ನ ತಲೆ ಆಗಲೇ ಮುಂದೆ ಓಡುತ್ತಿತ್ತು. ಎಂಥ ಹಾಳು ತಲೆ...

ಅಮೀನಗಡದ ಕರದಂಟಿನ ಅಂಗಡಿಗಳ ಹತ್ತಿರ ಬರುವಾಗ ಎದುರಿನಿಂದ ಆ ಟೆಂಪೋ ಬಂತು. ಆಟೊದಿಂದ ಹಾರಿ ರಸ್ತೆಯ ದಂಡೆಗೆ ನಿಂತ ಹೆಂಡತಿಯನ್ನು ಕಂಡು ಭಾಯಿ ಬ್ರೇಕ್ ಹಾಕಿದರು. ಕೆಳಗಿಳಿದಾಗ ಅವರ ಮುಖ ಸುಣ್ಣದ ಹಾಗಾಗಿತ್ತು.

"ಯಾರು ಹೋದ್ರು?" ಅಂದರು.

ಆಪಾ ಅವರ ಎದೆಗೆ ಎರಡೂ ಕೈಯಿಂದ ಗುದ್ದಿದಳು. "ಯಾಕ ಎತ್ತಲಿಲ್ರೀ?"

"ನಿನ್ನ ರಿಂಗ್ ನಾ ಎಂದ್ರ ಎತ್ತೇನೇನ? ಹೊಳಿ ದಂಡಿಗೆ ನೆಳ್ಳಾಗ ಗಾಡಿ ಹಚ್ಚಿ, ಫೋನು ಗಾಡ್ಯಾಗ ಬಿಟ್ಟು ಅಂಗಡ್ಯಾಗ ಗಂಟು ಇಳಿಸಾಕ ಹೋಗಿದ್ದೆ. ಬಂದು ನೋಡಿದ್ರ ಸಾಲಕ ಸಾಲು ಮಿಸ್ ಕಾಲ್. ಇವತ್ತ ಭಾಳ ನೆನಸ್ಯಾಳ ಅಂತ ಖುಷಿ ಆತು ನನಗ."

ಆಟೊದವನು ನಕ್ಕ. ನಾನೂ ನಕ್ಕೆ. ಆಪಾ ನಗಲಿಲ್ಲ. ವಾಪಸು ಟೆಂಪೋದಲ್ಲಿ ಅವರ ಪಕ್ಕ ಕೂತು ಇಳಕಲ್ ಬರುವ ತನಕ ಅವರ ಅಂಗಿಯ ಚುಂಗು ಹಿಡಿದೇ ಇದ್ದಳು.

ಮರುದಿನ ಅವಳೇ ಅಂಗಡಿಗೆ ಹೋಗಿ, ಕತ್ತರಿಸಿ ಸಣ್ಣ ಮಾಡಿದ್ದ ಸಿಮ್ಮಿಗೆ ಚೌಕಟ್ಟು ಹಾಕಿಸಿ, ಮತ್ತೆ ಗುಂಡಿ ಫೋನಿಗೆ ಕೂಡಿಸಿಕೊಂಡು ಬಂದಳು. ಆಪಾನ ಮಗಳು ಸಿಟ್ಟಾದಳು. ಕಾಲ ಎಲ್ಲಿಗೋ ಹೊರಟಿದೆ, ನೀನು ಹಿಂದಕ್ಕೆ ಬರುತ್ತೀ ಅಂದಳಂತೆ. ಚುಕ್ಕಿ ಸುಳ್ಳು ತೋರಿಸಿತು ಅಂತ ಬಿಟ್ಟೆಯೇನು ಅಂತ ನಾನೂ ಕೇಳಿದೆ. ಆಪಾ ರಾಟೆ ತಿರುಗಿಸುತ್ತಲೇ ಹೇಳಿದಳು:

"ಸುಳ್ಳು ತೋರಿಸಿದ್ರ ತೋರಿಸ್ಲಿ, ತಂಗಿ. ಆ ಚುಕ್ಕಿ ನಡದಷ್ಟು ದಿನಾ ಅವರು ನನ್ನ ನೆನಸಿಲ್ಲ. ಗುಂಡಿ ಒತ್ತಬೇಕಂದ್ರ ನೆನಸಬೇಕಲ್ಲ?"

ಭಾಯಿ ಗೊಣಗಿದರು, ಆದರೂ ಮರಳಿ ರಿಂಗ್ ಕೊಡಲು ಹತ್ತಿದರು. ಅಂಜಿಕೆ ಹೋಯಿತು ಅಂತ ಹೇಳಲಾರೆ. ಮೊದಲಿನಷ್ಟಕ್ಕೆ ಬಂದು ನಿಂತಿತು.

ಎರಡು ವರ್ಷ ಹಾಗೆಯೇ ಹೋದವು. ಆಮೇಲೆ ಒಂದು ದಿನ ಊಟ ಮಾಡಿ ಎದ್ದ ಆಪಾ ಎದೆ ಹಿಡಿದುಕೊಂಡು ಬಾಗಿಲಲ್ಲಿ ಕೂತುಬಿಟ್ಟಳು. ಪುಣ್ಯಕ್ಕೆ ಭಾಯಿ ಮನೆಯಲ್ಲಿದ್ದರು. ನಮ್ಮ ಊರಿನ ಡಾಕ್ಟರು ನೋಡಿ ಬಾಗಲಕೋಟೆಗೆ ಒಯ್ಯಿರಿ ಅಂದರು. ಅಂಬುಲೆನ್ಸಿಗೆ ಏರಿಸುವಾಗ ಆಪಾ ಕೈ ಚಾಚಿ ಫೋನು ಬೇಡಿದಳು. ಕೊಟ್ಟೆ. ಮುಖದಲ್ಲಿ ಬೆವರು ಹನಿಯೊಡೆದಿತ್ತು. ನನ್ನನ್ನು ನೋಡಿ, "ರಿಂಗ್ ಕೊಡ್ತೇನಿ. ಎತ್ತಬ್ಯಾಡ" ಅಂದಳು.

ಅಷ್ಟು ವರ್ಷ ಕಾಯುವುದು ಅವಳ ಕೆಲಸವಾಗಿತ್ತು, ನಾನು ಬರೀ ಜೊತೆಗೆ ಕೂತವಳು. ಅವತ್ತು ನಾನೊಬ್ಬಳೇ ನನ್ನ ಫೋನು ಹಿಡಿದುಕೊಂಡು ಅವಳ ಪಡಸಾಲೆಯಲ್ಲಿ ಕೂತೆ. ಹುನಗುಂದದ ರಿಂಗ್ ಬಂತು. ನಿಂತಿತು. ದೇವರೇ ಅಂದೆ. ಅಮೀನಗಡದ್ದು ಬಂತು, ಪೂರ್ತಿ ಆಗಲಿಲ್ಲ, ಅರ್ಧಕ್ಕೇ ನಿಂತಿತು. ಬೆರಳಿಗೆ ಬಲ ಸಾಲದೆ ಹಾಗಾಯಿತೋ ಏನೋ... ಮುಂದೆ ಕಮತಗಿ. ಕಮತಗಿಯದು ಬರಬೇಕು. ಫೋನನ್ನು ಕಿವಿಗೆ ಒತ್ತಿ ಹಿಡಿದೆ, ಹಾಗೆ ಹಿಡಿದರೆ ಬೇಗ ಬರುತ್ತದೆ ಅನ್ನುವ ಹಾಗೆ. ಆ ಹೊತ್ತು ಮಾತ್ರ ನನಗೂ ಆ ಹಾಳು ಚುಕ್ಕಿ ಬೇಕಾಗಿತ್ತು. ಗಾಡಿ ಎಲ್ಲಿದೆ, ನಡೆದಿದೆಯೋ ನಿಂತಿದೆಯೋ, ಅಷ್ಟಾದರೂ ಕಂಡಿದ್ದರೆ!

ರಿಂಗ್ ಬಂತು. ಒಂದು ಸಲ ಆಗಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ನಾನು ಎತ್ತಲಿಲ್ಲ. ಎತ್ತದಿದ್ದರೆ ಆಗಿಲ್ಲ ಅಂತ. ಎತ್ತಬ್ಯಾಡ ಅಂತ ಅವಳೇ ಹೇಳಿ ಹೋಗಿದ್ದಳಲ್ಲ. ಅದು ತಾನಾಗಿಯೇ ಬಡಿದುಕೊಂಡು ನಿಂತು, ಮತ್ತೆ ಸುರುವಾಯಿತು. ಕಡೆಗೆ ಎತ್ತಿದೆ. ಆ ಕಡೆ ಭಾಯಿ "ತಂಗಿ..." ಅಂದರು. ಫೋನನ್ನು ಆಪಾನ ರಾಟೆಯ ಪಕ್ಕ ಇಟ್ಟುಬಿಟ್ಟೆ.

ಆಪಾ ಹೋದ ಮೇಲೆ ಭಾಯಿ ಟೆಂಪೋ ಮಾರಿ ಬಾಗಲಕೋಟೆಗೆ ಮಗಳ ಹತ್ತಿರ ಹೋದರು. ಗೋಡೆಯಾಚೆಯ ಮನೆಗೆ ಕೀಲಿ ಬಿದ್ದಿದೆ.

ನಿನ್ನೆ ಮಗಳಿಗೆ ಹೇಳಿದೆ: ನಿನ್ನ ಫೋನು ಒಳ್ಳೇದೇ ಇರಬಹುದು, ಇನ್ನೊಂದು ನಾಲ್ಕು ವರ್ಷಕ್ಕೆ ನಾನೂ ಇಟ್ಟುಕೊಳ್ಳಬೇಕಾಗಬಹುದು, ಈಗ ಬೇಡ. ನಾನು ನಿನ್ನನ್ನು ರಸ್ತೆಯುದ್ದಕ್ಕೂ ನೋಡುತ್ತ ಕೂಡಲಾರೆ, ಜೀವ ತಡೆಯುವುದಿಲ್ಲ. ಹುನಗುಂದ ಮುಟ್ಟಿ, ಗಾಡಿ ಹಚ್ಚಿ, ಒಂದು ರಿಂಗ್ ಕೊಡು, ನಾನು ಎತ್ತುವುದಿಲ್ಲ. ಮಗಳು ನಕ್ಕಳು. "ಮರತರ ಬೈಯಬ್ಯಾಡ ಮತ್ತ" ಅಂದಳು. ಮರೆತಾಳು ಅನ್ನುವುದೇ ಈಗ ನನ್ನ ಹೊಸ ಅಂಜಿಕೆ.

ಇವತ್ತು ಮುಂಜಾನೆ ಅವಳು ಹೋದ ಮೇಲೆ ಮಷಿನ್ ತುಳಿಯಲಿಲ್ಲ. ಅದರ ಸಪ್ಪಳದಲ್ಲಿ ಕೇಳಿಸದೆ ಹೋದರೆ? ಸುಮ್ಮನೆ ಕೂತೆ. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಇಷ್ಟೊತ್ತಿಗೆ ಮುಟ್ಟಿರಬೇಕು ಅನ್ನುವ ಹೊತ್ತೂ ದಾಟಿತು. ಫೋನು ಹಿಡಿದು ಬಾಗಿಲಿಗೆ ಬಂದಾಗ ಒಂದು ರಿಂಗ್ ಆಯಿತು. ನಿಂತಿತು.

"ಮುಟ್ಟಿದ್ಲು, ಆಪಾ!" ಅಂತ ಗೋಡೆಯ ಕಡೆ ತಿರುಗಿ ಜೋರಾಗಿ ಕೂಗಿಬಿಟ್ಟೆ. ಆಮೇಲೆ ಮಷಿನ್ನಿಗೆ ಕೂತು ತುಳಿಯತೊಡಗಿದೆ.