ಗೊತ್ತಿಲ್ಲ ಎಂದವಳಿಗೆ ಎಂಟು ಅಂಕ

ಅಂಕ ಹಾಕುವ ಕೆಲಸದಲ್ಲಿ ನನ್ನಷ್ಟು ನ್ಯಾಯವಂತೆ ಈ ಸೀಮೆಯಲ್ಲೇ ಇಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಬಹಳ ಹಿಂದೇನಲ್ಲ, ಹೋದ ವರ್ಷದವರೆಗೂ. ನನ್ನ ಮನೆ ಮಧುಗಿರಿಯಲ್ಲಿ, ಕೆಲಸ ವರ್ಷಕ್ಕೊಂದು ಕಡೆ. ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ ಅಂದರೆ ಹಾಗೇ. ಒಂದು ವರ್ಷ ಪಾವಗಡದ ಬಸ್ಸು ಹತ್ತಬೇಕು, ಇನ್ನೊಂದು ವರ್ಷ ಸಿರಾದ್ದು, ಮತ್ತೊಂದು ವರ್ಷ ಕೊರಟಗೆರೆಯದು. ಇದು ನಡೆದದ್ದು ಯಾವ ಕಾಲೇಜಿನಲ್ಲಿ ಎಂದು ಮಾತ್ರ ಕೇಳಬೇಡಿ. ಹೇಳಿದರೆ ಸ್ಟಾಫ್ ರೂಮಿನಲ್ಲಿ ನನಗೆ ಕುರ್ಚಿ ಉಳಿಯುವುದಿಲ್ಲ. ಈಗ ಇರುವುದೇ ಒಂದು ಕಾಲು ಮೋಟಾದ ಕುರ್ಚಿ.

ಡಿಗ್ರಿಯಲ್ಲಿ ಪರೀಕ್ಷೆಯ ಅಂಕದ ಜೊತೆಗೆ ಇಂಟರ್ನಲ್ ಅಂಕ ಎಂದು ಇರುತ್ತದೆ. ಮಕ್ಕಳಿಗೆ ಅಸೈನ್‌ಮೆಂಟ್ ಕೊಟ್ಟು, ಬರೆಸಿ, ಪಾಠ ಮಾಡಿದವರೇ ಇಪ್ಪತ್ತಕ್ಕೆ ಇಷ್ಟು ಎಂದು ಹಾಕಬೇಕು. ಹೆಚ್ಚಿನ ಕಡೆ ಇದು ಹೇಗೆ ನಡೆಯುತ್ತದೆ ಎಂದು ಗೊತ್ತಿದ್ದವರಿಗೆ ಗೊತ್ತು. ಒಬ್ಬರು ಗೈಡ್ ನೋಡಿ ಬರೆಯುತ್ತಾರೆ, ನಲವತ್ತು ಜನ ಅವರದನ್ನು ನೋಡಿ ಬರೆಯುತ್ತಾರೆ. ಮೇಷ್ಟ್ರು ಪುಟ ತಿರುವದೆ ಸಹಿ ಹಾಕುತ್ತಾರೆ. ಹಾಳೆಗಳನ್ನು ಅಂಗೈಯಲ್ಲಿ ಹಿಡಿದು ದಪ್ಪ ನೋಡಿ "ಇವನಿಗೆ ಹದಿನೇಳು, ಇವಳಿಗೆ ಹದಿನೆಂಟು" ಎಂದವರನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಥೂ, ಕುಂಬಳಕಾಯಿ ವ್ಯಾಪಾರವೇ ಇದು, ಎಂದು ಮೈ ಉರಿಯುತ್ತಿತ್ತು.

ಅದಕ್ಕೇ ಹೊಸ ಪದ್ಧತಿ ತಂದೆ. ಪ್ರತಿಯೊಬ್ಬರೂ ತಮ್ಮ ಊರಿನ ಹತ್ತಿರದ ವಾರದ ಸಂತೆಗೆ ಹೋಗಬೇಕು. ನಾನು ಕೊಟ್ಟ ನಮೂನೆಯ ಹಾಳೆಯಲ್ಲಿ ಒಟ್ಟು ಅಂಗಡಿ ಎಷ್ಟು, ಹೆಂಗಸರದು ಎಷ್ಟು, ಯಾವ ಯಾವ ಊರಿನವರು ಎಂದು ತುಂಬಬೇಕು. ಒಂದು ಬಾಕ್ಸೂ ಖಾಲಿ ಬಿಡುವಂತಿಲ್ಲ, ಬಿಟ್ಟರೆ ಅಂಕ ಕಟ್. ಆಮೇಲೆ ಆ ಹಾಳೆಯನ್ನು ನೋಟ್‌ಬುಕ್ಕಿಗೆ ಅಂಟಿಸಿ ಮೂರು ಪುಟ ಸ್ವಂತ ಮಾತಿನಲ್ಲಿ ಬರೆಯಬೇಕು. ಕೊನೆಗೆ ನನ್ನೆದುರು ವೈವಾ. ಎಲ್ಲರಿಗೂ ಅದೇ ಐದು ಪ್ರಶ್ನೆ, ಅದೇ ಐದು ನಿಮಿಷ. ಮುಖ ನೋಡಿ ಮಣೆ ಹಾಕುವ ಮಾತೇ ಇಲ್ಲ.

"ಮೇಡಂ, ಸಂತೇಲಿ ಪೆನ್ನು ಪೇಪರ್ ಹಿಡ್ಕಂಡು ನಿಂತ್ರೆ ಸುಂಕದೋರು ಅಂದ್ಕಂಡು ಅಟ್ಟಿಸ್ಕಂಡ್ ಬತ್ತಾರೆ" ಎಂದು ಗೌಡಗೆರೆ ಕಡೆಯ ಹುಡುಗನೊಬ್ಬ ಗೊಣಗಿದ. "ಓಡೋದೂ ಫೀಲ್ಡ್ ವರ್ಕೇ ಕಣೋ, ಹೋಗು" ಎಂದೆ. ಕ್ಲಾಸು ನಕ್ಕಿತು. ಬೈದುಕೊಂಡೇ ಹೋದರು, ಆದರೆ ಹೋದರು. ಪಾವಗಡದ ಕಡೆಯವಳೊಬ್ಬಳು ಅರ್ಧ ತೆಲುಗಿನಲ್ಲೇ ಬರೆದು ತಂದಳು. ಓದಿ ಹಿಗ್ಗಿದೆ. ನೋಡಿದಿರಾ, ಮಕ್ಕಳ ಕೈಯಲ್ಲಿ ಹೇಗೆ ಕೆಲಸ ಮಾಡಿಸಬೇಕು ಎಂದು ಸಹೋದ್ಯೋಗಿಗಳ ಮುಂದೆ ಜಂಬ ಕೊಚ್ಚಿಕೊಂಡದ್ದೂ ಉಂಟು.

ಆಮೇಲೆ ಆ ಎರಡು ನೋಟ್‌ಬುಕ್ ಕೈಗೆ ಬಂದವು. ಎರಡೂ ಹೊಳವನಹಳ್ಳಿ ಸಂತೆಯವು. ಒಂದು ಕ್ಲಾಸಿನ ಲೀಡರ್ ಹುಡುಗನದು. ಕೊರಟಗೆರೆ ಪೇಟೆಯವನು, ಮಾತುಗಾರ. ಇನ್ನೊಂದು ಕಿಟಕಿ ಪಕ್ಕದ ಕೊನೆ ಬೆಂಚಿನ ಹುಡುಗಿಯದು. ಹೊಳವನಹಳ್ಳಿಗೆ ಹತ್ತಿರದ ಒಂದು ಹಳ್ಳಿಯವಳು. ಆ ವರ್ಷವಿಡೀ ಅವಳ ದನಿ ಕೇಳಿದ್ದು ಹಾಜರಿ ಕೂಗುವಾಗ ಮಾತ್ರ. ಎರಡರಲ್ಲೂ ಒಟ್ಟು ಅಂಗಡಿ ಅರವತ್ನಾಲ್ಕು. ಎರಡರಲ್ಲೂ ಅದೇ ಊರುಗಳು, ಅದೇ ವಾಕ್ಯಗಳು. ಯಾರೋ ಒಬ್ಬರು ಇನ್ನೊಬ್ಬರದನ್ನು ನೋಡಿ ಬರೆದಿದ್ದಾರೆ. ಸಿಕ್ಕಿಬಿದ್ದಿರಿ ಮಕ್ಕಳೇ, ವೈವಾಗೆ ಬನ್ನಿ, ನೋಡಿಕೊಳ್ಳುತ್ತೇನೆ ಅಂದುಕೊಂಡೆ.

ಹುಡುಗ ಬಂದು ನೆಟ್ಟಗೆ ಕೂತ. "ಒಟ್ಟು ಎಷ್ಟು ಅಂಗಡಿ?" "ಅರವತ್ನಾಲ್ಕು ಮೇಡಂ." "ಹೆಂಗಸರದು?" "ನಲವತ್ತೊಂದು ಮೇಡಂ." ಕೇಳುವುದಕ್ಕೆ ಮೊದಲೇ ಉತ್ತರ ನಾಲಿಗೆ ತುದಿಯಲ್ಲಿತ್ತು. ಬಾಯಿದ್ದವ ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ಹಾಗೆ. ನನಗೆ ಆಗ ಅದು ತಿಳಿವಳಿಕೆಯಂತೆ ಕಂಡಿತು.

ಅವಳು ಬಂದಳು. "ಒಟ್ಟು ಎಷ್ಟು ಅಂಗಡಿ?" "ಗೊತ್ತಿಲ್ಲ ಮೇಡಂ" ಎಂದಳು. ಅವಳದೇ ನೋಟ್‌ಬುಕ್ ಅವಳ ಮುಂದೆ ತೆರೆದಿದೆ, ಅದರಲ್ಲಿ ಅರವತ್ನಾಲ್ಕು ಎಂದು ಅವಳೇ ಬರೆದಿದ್ದಾಳೆ! "ಹೆಂಗಸರದು ಎಷ್ಟು?" "ಸರಿಯಾಗಿ ಹೇಳಕ್ಕಾಗಲ್ಲ ಮೇಡಂ." ಐದು ನಿಮಿಷ ಮುಗಿಯಿತು. ನ್ಯಾಯ ಅಂದರೆ ನ್ಯಾಯ, ಆರನೇ ನಿಮಿಷ ಯಾರಿಗೂ ಕೊಟ್ಟಿರಲಿಲ್ಲ, ಅವಳಿಗೂ ಕೊಡಲಿಲ್ಲ. ಹುಡುಗನಿಗೆ ಹದಿನೆಂಟು, ಅವಳಿಗೆ ಎಂಟು. ಅವಳ ಕೊನೇ ಪುಟದಲ್ಲಿ ಕೆಂಪು ಇಂಕಿನಲ್ಲಿ ಬರೆದೆ: "ಸ್ವಂತ ಶ್ರಮ ಕಾಣುತ್ತಿಲ್ಲ. ಬೇರೆಯವರದನ್ನು ನೋಡಿ ಬರೆಯುವ ಚಾಳಿ ಬಿಡಬೇಕು." ಅಂಕಗಳನ್ನು ವಿಶ್ವವಿದ್ಯಾಲಯದ ಪೋರ್ಟಲ್‌ಗೆ ಏರಿಸಿ ಲಾಕ್ ಮಾಡಿಬಿಟ್ಟೆ.

ನೋಟ್‌ಬುಕ್ ವಾಪಸು ಕೊಟ್ಟ ದಿನ ಅವಳು ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. ಎಲ್ಲರೂ ಹೋದ ಮೇಲೆ ನನ್ನ ಮೇಜಿನ ಹತ್ತಿರ ಬಂದು ನಿಂತಳು. "ಮೇಡಂ, ನಾನು ಬಿ.ಎಡ್‌ಗೆ ಹಾಕ್ಬೇಕು. ಪರ್ಸೆಂಟೇಜ್ ನೋಡಿ ಸೀಟ್ ಕೊಡ್ತಾರೆ. ಇದ್ರಲ್ಲಿ ಎಂಟು ಬಂತು. ನಾನು ಏನ್ ಮಾಡಿದ್ರೆ ಇಪ್ಪತ್ತು ಬರ್ತಿತ್ತು, ಹೇಳಿ ಮೇಡಂ. ಮುಂದಿನ ಸಲ ಹಂಗೇ ಮಾಡ್ತೀನಿ."

ನಾನು ಹಾಜರಿ ಪುಸ್ತಕ ಚೀಲಕ್ಕೆ ಹಾಕಿಕೊಳ್ಳುತ್ತ, "ಇನ್ನೂ ಚೆನ್ನಾಗಿ ಮಾಡಬೇಕಮ್ಮ" ಎಂದೆ. ಅವಳು ತಲೆಯಾಡಿಸಿ ಹೋದಳು.

ಅವತ್ತಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಒಲೆ ಮೇಲಿನ ಹಾಲು ಎರಡು ಸಲ ಉಕ್ಕಿ ಹೋಯಿತು. ಬಸ್ಸಿನಲ್ಲಿ ಇಳಿಯುವ ಸ್ಟಾಪ್ ಬಿಟ್ಟು ಮುಂದಕ್ಕೆ ಹೋಗಿ ಕಂಡಕ್ಟರ್ ಕೈಯಲ್ಲಿ ಬೈಸಿಕೊಂಡೆ. ಕದ್ದು ಬರೆದವರು ಹೀಗೆ ಕೇಳುತ್ತಾರೆಯೇ? ಕದ್ದವರಿಗೆ ಏನು ಮಾಡಬೇಕಿತ್ತು ಎಂದು ಚೆನ್ನಾಗಿಯೇ ಗೊತ್ತಿರುತ್ತದೆ! ಇಲ್ಲ, ನಾಟಕ ಇರಬಹುದು. ಛೆ, ಆ ಮುಖ ನೋಡಿದರೆ ನಾಟಕ ಅನಿಸುವುದಿಲ್ಲ. ಹೀಗೆ ನನ್ನೊಳಗೇ ವಾದ, ಪ್ರತಿವಾದ. ಕೊನೆಗೆ ತಡೆಯಲಾರದೆ ಸಂತೆಯ ದಿನ ರಜೆ ಹಾಕಿ ಹೊಳವನಹಳ್ಳಿಯಲ್ಲಿ ಇಳಿದೆ. ನನ್ನದೇ ನಮೂನೆಯ ಹಾಳೆ ಕೈಯಲ್ಲಿತ್ತು.

ಎಣಿಸಲು ಶುರು ಮಾಡಿದೆ. ಒಂದು ಸುತ್ತಿಗೆ ಐವತ್ತೆಂಟು. ತಿರುಗಿ ಬರುವಷ್ಟರಲ್ಲಿ ಅರವತ್ತೊಂದು. ದಂಟಿನ ಸೊಪ್ಪು ಇಟ್ಟುಕೊಂಡು ಕೂತಿದ್ದವಳು ಮಾರಿ ಮುಗಿಸಿ ಬುಟ್ಟಿ ಕೊಡವಿ ಎದ್ದು ಹೋದಳು. ಅದೇ ಜಾಗದಲ್ಲಿ ಇನ್ನೊಬ್ಬಳು ನಿಂಬೆಹಣ್ಣು ಸುರಿದುಕೊಂಡು ಕೂತಳು. ಇದು ಒಂದು ಅಂಗಡಿಯೋ, ಎರಡೋ? ಮೊಪೆಡ್ ಮೇಲೆ ಬೆಳ್ಳುಳ್ಳಿ ಮೂಟೆ ಹೇರಿಕೊಂಡು ಒಬ್ಬ ಬಂದ. ಕಾಲು ನೆಲಕ್ಕೆ ಕೊಟ್ಟುಕೊಂಡೇ ನಾಲ್ಕು ಜನಕ್ಕೆ ಮಾರಿ ಹೊರಟುಹೋದ. ಅವನನ್ನು ಯಾವ ಬಾಕ್ಸಿಗೆ ಹಾಕಲಿ? ಮೂರನೇ ಸುತ್ತಿಗೆ ನಲವತ್ತೊಂಬತ್ತಾಯಿತು. ಬಿಸಿಲಲ್ಲಿ ತಲೆ ಸಿಡಿಯತೊಡಗಿತು.

ಕೊತ್ತಂಬರಿ ಕಟ್ಟು ಇಟ್ಟುಕೊಂಡಿದ್ದ ಅಜ್ಜಿಯೊಬ್ಬಳು ಇಷ್ಟೂ ಹೊತ್ತು ನನ್ನನ್ನೇ ನೋಡುತ್ತಿದ್ದಳು. "ಏನವ್ವೋ, ಗಾಣದೆತ್ತಿನಂಗೆ ಸುತ್ತುತಾ ಇದ್ದೀಯ? ನೀನೂ ಅಂಗ್ಡಿ ಎಣಿಸಾಕೆ ಬಂದ್ಬುಟ್ಯೇನು?"

"ಇನ್ಯಾರು ಬಂದಿದ್ರಜ್ಜಿ?"

"ಒಂದ್ ಹುಡ್ಗಿ ಕಣವ್ವ. ಮೂರು ಸಂತೆ ಬಂದ್ಲು, ಬೆಳಿಗ್ಗಿಂದ ಸಂಜೆಗಂಟ ನಿಂತಿರಾಳು. 'ಅಜ್ಜಿ, ನೀನು ಎದ್ದೋದ್ ಮ್ಯಾಕೆ ನಿನ್ ಜಾಗ್ದಾಗೆ ಕೂತೋರ್ನ ಬ್ಯಾರೆ ಅಂಗ್ಡಿ ಅಂತ ಬರ್ಕಳ್ಳಾ, ಅದೇ ಅಂಗ್ಡಿ ಅಂತ ಬರ್ಕಳ್ಳಾ' ಅಂತ ನನ್ ಕೇಳ್ತಾಳೆ! ನಂಗೇನವ್ವಾ ಗೊತ್ತು? ಯಾವಳೋ ಮೇಡಮ್ಮು ಹೇಳವ್ಳಂತೆ, ಲೆಕ್ಕ ತತ್ತಾ ಅಂತ. ಸಂತೆಗೆ ಬಂದು ಕಾಣದೋಳು ಇರ್ಬೇಕು ಅವ್ಳು, ಬುಡು."

"ಅವಳ ಜೊತೆ ಹುಡುಗ ಯಾರಾದ್ರೂ ಬಂದಿದ್ನಾ?"

"ಹುಡ್ಗಾನೂ ಇಲ್ಲ ಗಿಡ್ಗಾನೂ ಇಲ್ಲ. ಒಬ್ಳೇ."

ಆ ಯಾವಳೋ ಮೇಡಮ್ಮು ಎರಡು ಕಟ್ಟು ಕೊತ್ತಂಬರಿ ತೆಗೆದುಕೊಂಡು ಬಸ್‌ಸ್ಟಾಪಿಗೆ ನಡೆದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆ. ಅದೂ ಕೆಂಪು ಇಂಕಿನಲ್ಲಿ.

ಮರುದಿನ ಅವಳನ್ನು ಕರೆದು ಕೂರಿಸಿ ಕೇಳಿದೆ. "ಎಲ್ಲ ನೋಡಿದ್ದೆಯಲ್ಲ, ಯಾಕೆ ಗೊತ್ತಿಲ್ಲ ಅಂದೆ?"

"ಎಷ್ಟು ಅಂತ ಕೇಳಿದ್ರಿ ಮೇಡಂ. ಎಷ್ಟು ಅಂತ ನಂಗೆ ಗೊತ್ತಿರ್ಲಿಲ್ಲ. ಯಾಕೆ ಗೊತ್ತಿಲ್ಲ ಅಂತ ಕೇಳಿದ್ರೆ ಹೇಳ್ತಿದ್ದೆ."

"ಮತ್ತೆ ಅರವತ್ನಾಲ್ಕು ಅಂತ ಬರೆದಿದ್ದೀಯಲ್ಲೇ!"

"ಬಾಕ್ಸ್ ಖಾಲಿ ಬಿಟ್ರೆ ಮಾರ್ಕ್ಸ್ ಕಟ್ ಅಂದಿದ್ರಲ್ಲ ಮೇಡಂ. ಗಂಟೆಗೊಂದ್ಸಲ ಎಣಿಸ್ತಿದ್ದೆ, ಒಂದೊಂದ್ ಸಲ ಒಂದೊಂದ್ ಥರ ಬರ್ತಿತ್ತು. ಎರಡನೇ ಸಂತೇಲಿ ಹನ್ನೊಂದು ಗಂಟೇಲಿ ಎಣಿಸಿದ್ದನ್ನ ಬರ್ದೆ."

ಹುಡುಗನನ್ನೂ ಕರೆಸಿದೆ. ಬಸ್ಸಿನಲ್ಲಿ ಅವಳ ನೋಟ್‌ಬುಕ್ ಇಸಿದುಕೊಂಡದ್ದನ್ನು ತಕ್ಷಣ ಒಪ್ಪಿಕೊಂಡ. ತಲೆ ತಗ್ಗಿಸಲಿಲ್ಲ. "ಆದ್ರೆ ಮೇಡಂ, ನೀವು ಕೇಳಿದ್ದಕ್ಕೆಲ್ಲ ಕರೆಕ್ಟಾಗಿ ಉತ್ತರ ಹೇಳಿದ್ನಲ್ಲ" ಎಂದ. ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು. ಆದರೆ ಅವನು ಹೇಳಿದ್ದು ನಿಜ. ಬಾಯಿಪಾಠ ಮಾಡಿದವನು ಗೆಲ್ಲುವ ಪ್ರಶ್ನೆಗಳನ್ನೇ ನಾನು ಕೇಳಿದ್ದೆ.

ಲಾಕ್ ಆದ ಅಂಕ ತಿದ್ದಬೇಕಾದರೆ ಪ್ರಿನ್ಸಿಪಾಲರ ಮೂಲಕ ವಿಶ್ವವಿದ್ಯಾಲಯಕ್ಕೆ ಪತ್ರ ಹೋಗಬೇಕು, ಅದರಲ್ಲಿ ಕಾರಣ ಬರೆಯಬೇಕು. ವಿಭಾಗದ ಮುಖ್ಯಸ್ಥರು ಒಳ್ಳೆಯವರೇ, ನನ್ನನ್ನು ಪಕ್ಕಕ್ಕೆ ಕರೆದರು. "ಮೌಲ್ಯಮಾಪನ ತಪ್ಪಾಗಿದೆ ಅಂತ ನೀವೇ ಬರ್ಕೊಟ್ರೆ ಅದು ಫೈಲಲ್ಲಿ ಕೂರುತ್ತೆ ಮೇಡಂ. ಮುಂದಿನ ವರ್ಷ ಅತಿಥಿಗಳ ಪಟ್ಟಿ ಮಾಡುವಾಗ ಯಾರಾದ್ರೂ ಎತ್ತಿ ಆಡ್ತಾರೆ. ಟೈಪಿಂಗ್ ಮಿಸ್ಟೇಕ್ ಅಂತ ಹಾಕಿ, ಸುಲಭ."

ಒಂದಿಡೀ ದಿನ ತೊಳಲಾಡಿದೆ. ಸುಳ್ಳೇಕೆ, ಟೈಪಿಂಗ್ ತಪ್ಪು ಎಂದೇ ಒಂದು ಪತ್ರ ಬರೆದೆ. ಓದಿದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ ಎಂಟು ಅಂಕ ತೆಗೆದುಕೊಂಡ ಹುಡುಗಿಗಾಗಿ ನಾನು ಸುಳ್ಳು ಬರೆದುಕೊಡುವುದೇ? ಹರಿದು ಹಾಕಿದೆ. ನಡೆದದ್ದನ್ನು ನಡೆದಂತೆ ಬರೆದುಕೊಟ್ಟೆ. ಪ್ರಿನ್ಸಿಪಾಲರು ಕನ್ನಡಕದ ಮೇಲಿಂದ ನನ್ನನ್ನು ಒಂದು ಸಲ, ಪತ್ರವನ್ನು ಒಂದು ಸಲ ನೋಡಿ, "ಬೇಕಿತ್ತಾ ಇದು?" ಎಂದು ಸಹಿ ಹಾಕಿದರು. ಮುಂದೆ ಹತ್ತು ದಿನ ಬೆಳಿಗ್ಗೆ ಎದ್ದ ಕೂಡಲೇ ಪೋರ್ಟಲ್ ನೋಡುವುದೇ ಕೆಲಸ. ಹನ್ನೊಂದನೇ ದಿನ ಎಂಟು ಇದ್ದ ಕಡೆ ಹತ್ತೊಂಬತ್ತು ಬಂತು. ಹುಡುಗನದು ಇಳಿಯಿತು. ಯಾಕೆ ಇಳಿಯಿತು ಎಂದು ಅವನ ನೋಟ್‌ಬುಕ್ಕಿನಲ್ಲಿ ಅರ್ಧ ಪುಟ ಬರೆದುಕೊಟ್ಟೆ.

ಅವಳ ನೋಟ್‌ಬುಕ್ಕಿನಲ್ಲೂ ಕೆಂಪು ಸಾಲುಗಳನ್ನು ಹೊಡೆದು ಹಾಕಿ, ಅದರ ಕೆಳಗೆ ಹೊಸದಾಗಿ ಬರೆದೆ. ಕರೆದು ಕೊಟ್ಟೆ. ಅವಳು ಅಲ್ಲೇ ನಿಂತು ಓದಿದಳು. ಥ್ಯಾಂಕ್ಸ್ ಮೇಡಂ ಎನ್ನುತ್ತಾಳೆ, ನನ್ನ ಎದೆಭಾರ ಇಳಿಯುತ್ತದೆ ಎಂದು ಕಾದೆ. "ಮಾರ್ಕ್ಸ್ ಫೋನಲ್ಲಿ ನೋಡ್ದೆ ಮೇಡಂ" ಎಂದಳು. ಆಮೇಲೆ ತಡೆದು, "ಈ ಪುಟಾನ ನಮ್ಮಮ್ಮಂಗೆ ನೀವೇ ಬಂದು ತೋರಿಸ್ತೀರಾ?" ಎಂದಳು.

ಅಯ್ಯೋ ದೇವರೇ, ನನ್ನಿಂದಾಗಿ ಮನೆಯಲ್ಲಿ ಎಷ್ಟು ಬೈಸಿಕೊಂಡಿತೋ ಮಗು! ನೋಟ್‌ಬುಕ್ ವಾಪಸು ಇಸಿದುಕೊಂಡು ಆ ಭಾನುವಾರವೇ ಹೊರಟೆ. ಬಸ್ಸಿನುದ್ದಕ್ಕೂ ಅವಳ ತಾಯಿಗೆ ಏನು ಹೇಳಬೇಕು, ಹೇಗೆ ಸಮಾಧಾನ ಮಾಡಬೇಕು ಎಂದು ಮನಸ್ಸಿನಲ್ಲೇ ಪಾಠ ಒಪ್ಪಿಸಿಕೊಂಡೆ.

ಜಗಲಿಯ ಮೇಲೆ ಐದಾರು ಹೆಂಗಸರು ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ಅವಳ ತಾಯಿ ಎದ್ದು ಸೆರಗಿಗೆ ಕೈ ಒರೆಸಿಕೊಂಡು ಚಾಪೆ ಹಾಕಿದರು. ನಾನು ಕೂರುವ ಮೊದಲೇ ಶುರು ಮಾಡಿದೆ. "ನಿಮ್ಮ ಮಗಳನ್ನ ಬೈಬೇಡೀಮ್ಮ. ಅವಳು ನೋಡಿ ಬರೆದವಳಲ್ಲ. ನನ್ನದೇ ತಪ್ಪು."

"ನಾನ್ಯಾಕ್ ಬೈಯಾನ ಮೇಡಮ್ಮೋರೇ?" ಎಂದರು ಆಕೆ. "ನಂಗೆ ಓದಾಕೆ ಬರಾಕಿಲ್ಲ. ಅವತ್ತು ಬಂದು ಇದೇ ಜಗ್ಲಿ ಮ್ಯಾಲೆ ಕುಂತು, ಇವ್ರೆಲ್ಲಾರ ಮುಂದೆ ಆ ಕೆಂಪಕ್ಷರಾನ ಇವ್ಳೇ ಓದಿ ಹೇಳಿದ್ಲು, ಒಂದಕ್ಷರ ಬುಡ್ದಂಗೆ. ಕದ್ದು ಬರ್ದೋಳಾಗಿದ್ರೆ ನಂಗೆ ಓದಿ ಹೇಳ್ತಿದ್ಲಾ?"

ಚೆನ್ನಾಗಿದೆ ಅಂತ ಬರೆದಿದ್ದಾರಮ್ಮ ಎಂದು ಅವಳು ಹೇಳಬಹುದಿತ್ತು. ಆ ಜಗಲಿಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾನು ಅವಳ ಕಡೆ ನೋಡಿದೆ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನೋಟ್‌ಬುಕ್ಕನ್ನು ಅವಳ ಕಡೆ ಚಾಚಿದೆ.

"ಅವ್ಳ ಕೈಗೆ ಕೊಡ್ಬ್ಯಾಡಿ" ಎಂದರು ತಾಯಿ. "ಹೋದ್ಸಲ ಬರ್ದಿದ್ದನ್ನ ಅವ್ಳು ಓದಿದ್ಲು. ಇದ್ನ ನೀವು ಓದಿ."

ಕುಟ್ಟುವ ಸದ್ದು ನಿಂತಿತು. ಪುಟ ತೆಗೆದೆ. "ಈ ವಿದ್ಯಾರ್ಥಿನಿ ಮೂರು ವಾರ ಸಂತೆಯಲ್ಲಿ ನಿಂತು ನೋಡಿ ಬರೆದಿದ್ದಾಳೆ. ಮೇಲೆ ಬರೆದ ಮಾತು ಸುಳ್ಳು. ತಪ್ಪು ನನ್ನದು. ಗಂಟೆಗೊಂದರಂತೆ ಎಣಿಸಿದ ಸಂಖ್ಯೆಗಳನ್ನೆಲ್ಲ ಬರೆದಿದ್ದರೆ ಸಂತೆ ಹೇಗೆ ಏರಿ ಇಳಿಯುತ್ತದೆ ಎಂಬುದು ಕಾಣುತ್ತಿತ್ತು. ಅದಕ್ಕೆ ನನ್ನ ನಮೂನೆಯಲ್ಲಿ ಜಾಗವಿರಲಿಲ್ಲ." ಪುಟಕ್ಕೆ ಮುಖ ತಗ್ಗಿಸಿಕೊಂಡೇ ಓದಿ ಮುಗಿಸಿದೆ.

"ಜೋರಾಗಿ ಓದಿ ಮೇಡಮ್ಮೋರೇ" ಎಂದರು ಆಕೆ. "ಆ ತುದೀಲಿ ಕುಂತಿರೋರ್ಗೆ ಕೇಳ್ಸಿಲ್ಲ."

ನಾನು ಎದ್ದು ನಿಂತು ಮೊದಲಿನಿಂದ ಓದಿದೆ.